ವೊಲಾಸ್ಟೊನೈಟ್ ಅಂತ ಸುಣ್ಣಕಲ್ಲಿನ ಪುಡಿ ಕೊಟ್ಟರು, ಹುಷಾರಾಗಿರಿ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಮೋಲ್ಡಿಂಗ್ ಶೆಡ್ ಇದೆ. ಮೆಷಿನ್‌ಗಳಿಗೆ ಕವರ್ ಪ್ಯಾನೆಲ್ ಮಾಡುತ್ತೇವೆ. 12 ವರ್ಷ ಇದೇ ಕೆಲಸ ಮಾಡಿ ಪುಡಿಯಲ್ಲಿ ಮೋಸ ಹೋದೆ ಅಂತ ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳಲೇಬೇಕು.

ಪಾಲಿಯೋಲ್, ಐಸೊಸೈನೇಟ್ ಅಂತ ಎರಡು ದ್ರವ ಸೇರಿಸಿದರೆ ಪಿಯು ಆಗುತ್ತದೆ. ಪ್ಯಾನೆಲ್ ಬಿಸಿಗೆ ಬಾಗದಿರಲಿ ಅಂತ ಪಾಲಿಯೋಲ್‌ಗೆ ವೊಲಾಸ್ಟೊನೈಟ್ ಅನ್ನುವ ಖನಿಜದ ಪುಡಿ ಬೆರೆಸುತ್ತೇವೆ. ಅದರ ಕಣ ಸೂಜಿಯಂತೆ ಉದ್ದ. ಬಿಗಿ ಬರುವುದೇ ಆ ಸೂಜಿಗಳಿಂದ. ಸುಣ್ಣಕಲ್ಲಿನ ಪುಡಿ ಅಗ್ಗ, ತೂಕ ತುಂಬುತ್ತದೆ, ಆ ಬಿಗಿ ಕೊಡುವುದಿಲ್ಲ.

ಪುಡಿ ಮಾರುವವರು ಮೊದಲು ಒಂದು ಕೇಜಿ ಸ್ಯಾಂಪಲ್ ಕೊಟ್ಟರು. ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ರಾಜಸ್ಥಾನದ ಮಾಲು, ಪುಡಿ ಪ್ಲಾಸ್ಟಿಕ್‌ಗೆ ಚೆನ್ನಾಗಿ ಹಿಡಿದುಕೊಳ್ಳಲು ಸೈಲೇನ್ ಕೋಟಿಂಗ್ ಇದೆ ಅಂದರು. ನಂಬಿ 25 ಕೇಜಿಯ 20 ಚೀಲಕ್ಕೆ ಪೂರ್ತಿ ದುಡ್ಡು ಮುಂಚೆಯೇ ಹಾಕಿದೆ.

ಮೊದಲ ದಿನವೇ ಪ್ಯಾನೆಲ್ ತುಂಬಾ ಗುಳ್ಳೆ. ಪುಡಿಯಲ್ಲಿ ತೇವ ಇದ್ದರೆ ನೀರು ಐಸೊಸೈನೇಟ್ ಜತೆ ಸೇರಿ ಗ್ಯಾಸ್ ಆಗುತ್ತದಲ್ವಾ, ಅದೇ ಇರಬೇಕು ಅಂದುಕೊಂಡೆ. ರಾತ್ರಿಯಿಡೀ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಒಣಗಿಸಿದೆ. ಗುಳ್ಳೆ ಹೋಯಿತು. ಪ್ಯಾನೆಲ್ ಕಳಿಸಿದೆ. 38 ಪ್ಯಾನೆಲ್ ವಾಪಸ್ ಬಂದವು. ಒಂದನ್ನು ಬಿಸಿಲಲ್ಲಿ ಗೋಡೆಗೆ ಒರಗಿಸಿಟ್ಟೆ. ಸಂಜೆ ಹೊತ್ತಿಗೆ ಅದರ ನಡು ಬಾಗಿತ್ತು.

ಸುಣ್ಣಕಲ್ಲಿಗೆ ಆ್ಯಸಿಡ್ ತಾಗಿದರೆ ನೊರೆ ಉಕ್ಕುತ್ತದೆ. ಆಗ ಹುಡುಗನ ಕೈಯಲ್ಲಿ ಬಾತ್‌ರೂಮ್ ತೊಳೆಯುವ ಆ್ಯಸಿಡ್ ತರಿಸಿದೆ. ಶೆಡ್ ಹೊರಗೆ, ಉಳಿದಿದ್ದ ಸ್ಯಾಂಪಲ್ ಮೇಲೆ ನಾಲ್ಕು ಹನಿ ಬಿಟ್ಟೆ. ಅಲ್ಲೊಂದು ಇಲ್ಲೊಂದು ಗುಳ್ಳೆ, ಅಷ್ಟೇ. ಚೀಲದ ಪುಡಿ ಮೇಲೆ ಬಿಟ್ಟೆ. ಬುಸ್ ಅಂತ ನೊರೆ ಉಕ್ಕಿತು, ಸೋಡಾ ಬಾಟಲಿ ಅಲುಗಿಸಿ ತೆಗೆದ ಹಾಗೆ. ಇನ್ನೊಂದು ಚೀಲ. ಅದೂ ಬುಸ್. ಹುಡುಗ ನನ್ನ ಮುಖ ನೋಡುತ್ತಿದ್ದ. ಅವನ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ಸಾರ್, ಎರಡೂ ಕ್ಯಾಲ್ಸಿಯಮ್ಮೇ ಅಲ್ವಾ?" ಎಂದರು. ಎರಡೂ ಕ್ಯಾಲ್ಸಿಯಂ ಅಂತೆ! ವೊಲಾಸ್ಟೊನೈಟ್ ಸಿಲಿಕೇಟ್, ಸುಣ್ಣಕಲ್ಲು ಕಾರ್ಬೊನೇಟ್. ಮಾರುವವರಿಗೆ ಗೊತ್ತಿಲ್ಲವಾ? ಮಾರನೇ ದಿನ "ನಿಮ್ಮ ಮಿಕ್ಸಿಂಗ್ ಸರಿ ಇಲ್ಲ". ಆಮೇಲೆ "ಸ್ಯಾಂಪಲ್ ಓಕೆ ಮಾಡಿದ್ದು ನೀವೇ ತಾನೇ?" ಅವರು ಕೊಟ್ಟಿದ್ದ ಟೆಸ್ಟ್ ರಿಪೋರ್ಟ್ ತೆಗೆದು ನೋಡಿದರೆ ಬ್ಯಾಚ್ ನಂಬರೇ ಇಲ್ಲ. ಅದನ್ನು ಆವತ್ತೇ ನೋಡಬೇಕಿತ್ತು ನಾನು, ಆವತ್ತೇ.

ಸ್ಯಾಂಪಲ್ ನಂಬಬೇಡಿ. ಗಾಡಿಯಿಂದ ಇಳಿಸುವಾಗಲೇ ಚೀಲ ಚೀಲಕ್ಕೂ ಆ್ಯಸಿಡ್ ಹನಿ ಬಿಟ್ಟು ನೋಡಿ. ಅಸಲಿ ಮಾಲಲ್ಲೂ ಚೂರು ಗುಳ್ಳೆ ಬರಬಹುದು, ಆದರೆ ಹೀಗೆ ಉಕ್ಕುವುದಿಲ್ಲ. ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ.

16 ಚೀಲ ಇನ್ನೂ ಶೆಡ್ ಮೂಲೆಯಲ್ಲಿವೆ. ವಾಪಸ್ ತಗೊಳ್ಳಿ ಅಂದರೆ, ಗಾಡಿ ಬಾಡಿಗೆ ನೀವೇ ಕೊಡಿ ಅಂತಾರೆ.