ಚಂದಾಪುರದಿಂದ ಜಯನಗರಕ್ಕೆ: ಬಸ್ಸೋ, ಮೆಟ್ರೊನೋ, ಸ್ಕೂಟರೋ?

ಚಂದಾಪುರದ ಒಳಗಿನ ಬಡಾವಣೆಯಿಂದ ಬೆಂಗಳೂರಿನ ಜಯನಗರ ಐದನೇ ಬ್ಲಾಕಿಗೆ ದಿನಾ ಕೆಲಸಕ್ಕೆ ಹೋಗಿಬರುತ್ತೇನೆ. ಹೊಸೂರು ರಸ್ತೆಯ ಪಾಡು ಗೊತ್ತಲ್ವಾ? ಮೂರೂ ಬಗೆಯಲ್ಲಿ ಓಡಾಡಿ ನೋಡಿದ್ದೇನೆ.

ಮೊದಲು ಬಸ್. 356ರ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್, ಅಲ್ಲಿಂದ ಬನಶಂಕರಿ ಕಡೆಯ ಇನ್ನೊಂದು ಬಸ್. 2023ರ ಜೂನ್ 11ಕ್ಕೆ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಎರಡಕ್ಕೂ ನಾನು ಕಾಸು ಕೊಡಬೇಕಿಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಕೈಗೆ ಬರುತ್ತದೆ. ಇದನ್ನು ಬಿಟ್ಟಿ ಭಾಗ್ಯ ಅಂತ ಹಂಗಿಸುವವರು ಬೆಳಗಿನ ಬಸ್ಸಿನಲ್ಲಿ ಒಮ್ಮೆ ಕೂತು ನೋಡಬೇಕು. ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಒಬ್ಬರು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಹೇಳಿದರು, "ಬಸ್ ಚಾರ್ಜಿನ ದುಡ್ಡಲ್ಲೇ ಈಗ ಚೀಟಿ ಕಟ್ತಾ ಇದ್ದೀನಮ್ಮ." ಗಂಡಸರಿಗೆ ಈ ಅನುಕೂಲ ಇಲ್ಲ. ಅವರಿಗೆ 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು. ಅವರಲ್ಲೂ ದಿನಗೂಲಿಯವರು ಇದ್ದಾರೆ.

ಬಸ್ಸಿನಲ್ಲಿ ಕೊಡಬೇಕಾದ್ದು ಸಮಯ. ಸಂಜೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ ಮನೆ ಸೇರುವಷ್ಟರಲ್ಲಿ ಮಗು ಮಲಗಿರುತ್ತದೆ. ಒಬ್ಬರೇ ಕೂತ ಕಾರುಗಳ ಹಿಂದೆ ಅರವತ್ತು ಜನರ ಬಸ್ ನಿಂತಿರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ಕ್ಕೆ ಉದ್ಘಾಟನೆಯಾಯಿತು. ಬೊಮ್ಮಸಂದ್ರದಿಂದ ಜಯನಗರದ ಪಕ್ಕದ ಆರ್.ವಿ. ರಸ್ತೆಗೆ ಸುಮಾರು 19 ಕಿ.ಮೀ. ಶುರುವಿಗೆ ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲುಗಳು ಜಾಸ್ತಿಯಾಗಿ ಕಾಯುವುದು ಕಡಿಮೆಯಾಯಿತು. ಸಮಯದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಮುಕ್ಕಾಲು ಗಂಟೆಯೊಳಗೆ ಆ ತುದಿ ತಲುಪುತ್ತೇನೆ, ಮೈಯೂ ದಣಿಯುವುದಿಲ್ಲ. ಆದರೆ ಶಕ್ತಿ ಇಲ್ಲಿ ನಡೆಯುವುದಿಲ್ಲ. ಬಸ್ ಪಾಸೂ ಅಷ್ಟೇ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ರಾತ್ರಿ ಬೊಮ್ಮಸಂದ್ರದಲ್ಲಿ ಇಳಿದರೆ ನಮ್ಮ ಬಡಾವಣೆಗೆ ಆಟೊನೇ ಗತಿ. ಅದರ ಬಾಡಿಗೆಯನ್ನೂ ಕೂಡಿಸಿದರೆ ಆ ಅಕ್ಕನಂಥವರಿಗೆ ಮೆಟ್ರೊ ತಲೆಮೇಲೆ ಓಡುವ ರೈಲು ಮಾತ್ರ.

ಸ್ಕೂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಹೋಗಬಹುದು, ನಿಜ. ಪೆಟ್ರೋಲ್ ಲೀಟರಿಗೆ 100 ದಾಟಿದೆ, ಮೇಲೆ ಸಾಲದ ಕಂತು. ಲಾರಿಗಳ ಹೊಗೆ ಕುಡಿದು, ನಮ್ಮ ಹೊಗೆಯನ್ನೂ ಸೇರಿಸಿ ಬರಬೇಕು.

ಸದ್ಯಕ್ಕೆ ನಾನು ಬೆಳಗ್ಗೆ ಮೆಟ್ರೊ, ಸಂಜೆ ಬಸ್. ಸಂಬಳ ಸ್ವಲ್ಪ ಪರವಾಗಿಲ್ಲ ಅನ್ನುವವರು ಎರಡೂ ಹೊತ್ತು ಮೆಟ್ರೊ ಹಿಡಿಯಲಿ. ತಿಂಗಳ ಕೊನೆಗೆ ಕೈ ಖಾಲಿಯಾಗುವವರಿಗೆ ಬಸ್ಸೇ ಸರಿ. ಹಾಗಾಗಿ ಸರ್ಕಾರ ಮೊದಲು ಬಸ್ಸನ್ನೇ ವೇಗ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಬೇರೆ ಪಥ ಮಾಡಿದ್ದರು. ಮುಂದೆ ಮೆಟ್ರೊ ಕಾಮಗಾರಿಯಲ್ಲಿ ಅದು ಹೋಯಿತು. ಅಂಥದ್ದು ಹೊಸೂರು ರಸ್ತೆಗೆ ಬೇಕು, ಅದರಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಓಡಬೇಕು. ಬೊಮ್ಮಸಂದ್ರದಿಂದ ಒಳಗಿನ ಬಡಾವಣೆಗಳಿಗೆ ರಾತ್ರಿ ಹತ್ತರವರೆಗೆ ಫೀಡರ್ ಬಸ್ ಬೇಕು. ಬಿಪಿಎಲ್ ಕಾರ್ಡಿನವರಿಗೆ, ಗಂಡಸಿರಲಿ ಹೆಂಗಸಿರಲಿ, ಮೆಟ್ರೊದಲ್ಲಿ ಅರ್ಧ ಟಿಕೆಟ್ ಕೊಡಬೇಕು.