ಕಾದಂಬರಿಗೆ ಯಾವುದು: ನರಗುಂದವೋ, ಹೊಸರಿತ್ತಿಯೋ?

ಯುದ್ಧಕಾಲದಲ್ಲಿ ಹೆತ್ತವರು ತೆತ್ತ ಬೆಲೆಯ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯಬೇಕೆಂದಿರುವ ಧಾರವಾಡ ಕಡೆಯ ಹೊಸ ಲೇಖಕರಿಗೆ ಎರಡು ವಸ್ತುಗಳು ಹತ್ತಿರದಲ್ಲೇ ಇವೆ.

ನರಗುಂದ, 1858. ದತ್ತು ತೆಗೆದುಕೊಳ್ಳಲು ಅಲ್ಲಿನ ಅರಸ ಬಾಬಾಸಾಹೇಬನಿಗೆ ಕಂಪನಿ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಆತ ಬಂಡೆದ್ದ, ಸಿಕ್ಕಿಬಿದ್ದ, ಬೆಳಗಾವಿಯಲ್ಲಿ ಗಲ್ಲಿಗೇರಿದ. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಸತ್ತರು. ಗುಡ್ಡ, ಕೋಟೆ, ಹೊಳೆ ಎಲ್ಲ ಇದೆ. ರಂಗಕ್ಕೆ ಹೇಳಿ ಮಾಡಿಸಿದ ಕಥೆ. ಆದರೆ ಮನೆಯವರೇ ಉಳಿಯದ ಮೇಲೆ ಮುಂದಿನ ದಿನಗಳನ್ನು ಯಾರ ಕಣ್ಣಿಂದ ಹೇಳುತ್ತೀರಿ? ಆ ತಾಯಿಯನ್ನು ಬರೀ ವೀರಮಾತೆ ಮಾಡಿ ಕೈತೊಳೆದುಕೊಳ್ಳುವ ಅಪಾಯವೂ ಇದೆ.

ಹೊಸರಿತ್ತಿ, 1943ರ ಏಪ್ರಿಲ್ 1. ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷ್ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಮೋಟೆಬೆನ್ನೂರಿನ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಹೆಂಡತಿ ಸಿದ್ದಮ್ಮನೂ ಚಳವಳಿಗಿಳಿದವರು. ಇಲ್ಲಿ ಬದುಕಿ ಉಳಿದವರಿದ್ದಾರೆ. ಸ್ವಾತಂತ್ರ್ಯ ಬರಲು ಇನ್ನೂ ನಾಲ್ಕು ವರ್ಷ. ಅಷ್ಟು ದಿನ ಮನೆಯಲ್ಲಿ ರೊಟ್ಟಿ ಬಡಿಯಲೇಬೇಕು, ಬಾಗಿಲಿಗೆ ಬಂದ ಪೊಲೀಸರಿಗೆ ಉತ್ತರ ಕೊಡಲೇಬೇಕು, ಹೊಲ ಹರಗಲೇಬೇಕು. ಕಾದಂಬರಿ ಉಸಿರಾಡುವುದು ಇಂಥ ದಿನಗಳಲ್ಲೇ.

ನಾಟಕವಾದರೆ ನರಗುಂದ ಹಿಡಿಯಿರಿ. ಕಾದಂಬರಿಗೆ ನನ್ನ ಮತ ಹೊಸರಿತ್ತಿಗೆ, ಅದೂ ಮಹಾದೇವಪ್ಪನವರ ಮನೆಗಲ್ಲ, ಉಳಿದಿಬ್ಬರ ಮನೆಗೆ. ಅವರ ಹೆಸರು ಹಾವೇರಿಯಾಚೆ ಎಷ್ಟು ಜನಕ್ಕೆ ಗೊತ್ತು?