ಕಣಜದ ಜೀನಸ್: ಮೀಸೆ ಎಣಿಸಿದೆ, ರೆಕ್ಕೆ ನೋಡಿದೆ, ಕೊನೆಗೆ ಸೊಂಟಕ್ಕೆ ಬಂದೆ

ಕಂಬಳಿಹುಳಗಳ ಮೈಯಿಂದ ಹೊರಬಿದ್ದ ಎರಡು-ಮೂರು ಮಿಲಿಮೀಟರಿನ ಕಪ್ಪು ಪರಾವಲಂಬಿ ಕಣಜಗಳನ್ನು ಮೊದಲು ಬಣ್ಣ ನೋಡಿ ವಿಂಗಡಿಸಿದ್ದೆ. ಹಳದಿ ಕಾಲಿನವು ಒಂದು ಸೀಸೆಗೆ, ಕಪ್ಪು ಕಾಲಿನವು ಇನ್ನೊಂದಕ್ಕೆ. ಆಮೇಲೆ ನೋಡಿದರೆ ಎರಡರಲ್ಲೂ ಕೊಟೀಸಿಯಾ, ಅಪಾಂಟೆಲಿಸ್ ಎಂಬ ಎರಡು ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಬೆರೆತು ಕೂತಿದ್ದವು. ಬಣ್ಣದ ಸಹವಾಸ ಅಲ್ಲಿಗೇ ಬಿಟ್ಟೆ.

ಮೀಸೆಯ ಗೆಣ್ಣು ಎಣಿಸುವುದು ಹೆಸರಿಗೆ ಸುಲಭ. ಒಣಗಿದ ಕಣಜವನ್ನು ಬ್ರಷ್ ತುದಿಯಿಂದ ಹೊರಳಿಸಿದರೆ ಸಾಕು, ಮೀಸೆ ಅರ್ಧಕ್ಕೇ ಮುರಿಯುತ್ತದೆ. ಮುರಿಯದೆ ಉಳಿದರೂ ಸಿಗುವುದು 18. ಇವೆರಡೂ ಸೇರಿದ ಮೈಕ್ರೊಗ್ಯಾಸ್ಟ್ರಿನೇ ಉಪಕುಟುಂಬದ ಎಲ್ಲಕ್ಕೂ ಅಷ್ಟೇ. ಜೀನಸ್ ಹೇಳಲು ಅದು ನೆರವಾಗಲಿಲ್ಲ.

ರೆಕ್ಕೆ ಎಷ್ಟೋ ವಾಸಿ. ಮುಂದಿನ ರೆಕ್ಕೆಯ ನಡುವೆ ನರಗಳು ಸುತ್ತುವರಿದ ಪುಟ್ಟದೊಂದು ಮುಚ್ಚಿದ ಕೋಶ ಕಂಡರೆ ಅದೇ ಉಪಕುಟುಂಬದ ಇನ್ನೊಂದು ಜೀನಸ್ ಮೈಕ್ರೊಪ್ಲೈಟಿಸ್ ಕಡೆ ಹೋಗಬಹುದು. ಕೊಟೀಸಿಯಾ, ಅಪಾಂಟೆಲಿಸ್ ಎರಡರಲ್ಲೂ ಆ ಕೋಶ ಹೊರಬದಿಗೆ ತೆರೆದಿರುತ್ತದೆ. ಆದರೆ ಆ ಇಬ್ಬರನ್ನು ಬೇರೆ ಮಾಡಲು ರೆಕ್ಕೆ ಕೈಕೊಟ್ಟಿತು.

ನನ್ನ ಓಟು ಪ್ರೊಪೋಡಿಯಂಗೆ, ಅಂದರೆ ಸೊಂಟ ಸಣ್ಣಗಾಗುವ ಮುಂಚಿನ ಬೆನ್ನಿನ ತುಂಡಿಗೆ. ಕೊಟೀಸಿಯಾದಲ್ಲಿ ಅದು ಒರಟು, ಹಲವು ಸಲ ನಡುವೆ ಉದ್ದಕ್ಕೊಂದು ಏಣು. ಅಪಾಂಟೆಲಿಸ್‌ನಲ್ಲಿ ಹೆಚ್ಚಾಗಿ ಏಣುಗಳೇ ಸೇರಿ ಒಂದು ಚೌಕಟ್ಟು ಕಟ್ಟಿರುತ್ತವೆ, ಕೆಲವೊಮ್ಮೆ ಅರ್ಧಂಬರ್ಧ. ಆಲ್ಕೋಹಾಲಿನಲ್ಲಿ ನೆನೆದಿದ್ದಾಗ ಇದ್ಯಾವುದೂ ಕಾಣದು, ಬರೀ ಹೊಳಪು. ಒಣಗಿಸಿ, ದೀಪಕ್ಕೆ ಟ್ರೇಸಿಂಗ್ ಪೇಪರ್ ಅಡ್ಡ ಹಿಡಿದೆ ನೋಡಿ, ಏಣುಗಳು ಎದ್ದು ನಿಂತವು!

ಅನುಮಾನ ಉಳಿದರೆ ಹೆಣ್ಣಿನ ಬಾಲದ ತುದಿ ನೋಡುತ್ತೇನೆ. ಅಪಾಂಟೆಲಿಸ್‌ನ ಮೊಟ್ಟೆಯಿಡುವ ಕೊಂಡಿಯ ಒರೆ ಉದ್ದ, ಉದ್ದಕ್ಕೂ ರೋಮ; ಹೊಟ್ಟೆಯ ಕೊನೆಯ ಅಡಿತಟ್ಟೆ ನಡುವೆ ಮಡಿಕೆ ಮಡಿಕೆ. ಕೊಟೀಸಿಯಾದ ಒರೆ ಮೋಟು, ಅಡಿತಟ್ಟೆಯಲ್ಲಿ ಮಡಿಕೆ ಇಲ್ಲ. ಹಳೆಯ ಲೇಬಲ್‌ಗಳಲ್ಲಿ ಎಲ್ಲವೂ ಅಪಾಂಟೆಲಿಸ್ ಎಂದಿದ್ದರೆ ಬೈಯಬೇಡಿ. 1981ರಲ್ಲಿ ಕೀಟತಜ್ಞ ಮೇಸನ್ ಆ ಜೀನಸ್ಸನ್ನು ಒಡೆಯುವವರೆಗೆ ಕೊಟೀಸಿಯಾ ಗ್ಲೊಮೆರಾಟಾ ಕೂಡ ಅಪಾಂಟೆಲಿಸ್ ಗ್ಲೊಮೆರಾಟಸ್ ಎಂದೇ ನಡೆಯುತ್ತಿತ್ತು.

ಇನ್ನೂ ಚಿಕ್ಕವಾದ ಯುಲೋಫಿಡ್‌ಗಳಲ್ಲಿ (ಪರಾವಲಂಬಿ ಕಣಜಗಳದೇ ಬೇರೊಂದು ಕುಟುಂಬ) ಮಾತ್ರ ರೆಕ್ಕೆಯೇ ಗೆದ್ದಿತು. ಮುಂದಿನ ರೆಕ್ಕೆಯ ಮುಂಅಂಚಿನ ಬುಡದ ನರದ ಮೇಲೆ ಒಂದೇ ರೋಮವಿದ್ದರೆ ಟೆಟ್ರಾಸ್ಟಿಕಸ್ ಜೀನಸ್ ಕಡೆ, ಎರಡು ಅಥವಾ ಹೆಚ್ಚಿದ್ದರೆ ಅಪ್ರೊಸ್ಟೋಸೀಟಸ್ ಜೀನಸ್ ಕಡೆ. ಸ್ಲೈಡ್ ಮಾಡದೆ ಆ ರೋಮ ಎಣಿಸಲು ಹೋಗಿ ಕಣ್ಣು ನೋಯಿಸಿಕೊಂಡೆ.

ಕೊಂಡಿಯಿಲ್ಲದ ಗಂಡುಗಳನ್ನು ಈಗಲೂ ಒಂಟಿಯಾಗಿ ಗುರುತಿಸಲು ಹೋಗುವುದಿಲ್ಲ. ಒಂದೇ ಹುಳದಿಂದ ಬಂದ ಹೆಣ್ಣುಗಳ ಸೀಸೆಯಲ್ಲೇ ಬಿಡುತ್ತೇನೆ.